ಅಡ್ಮಿಟ್ ಆಗಿ ಅಂದ್ರು ಡಾಕ್ಟ್ರು

ಡಿಪ್ರೆಶನ್‌ಗೆ ಮಾತ್ರೆ ತಗೊಳ್ಳೋದನ್ನು ಈಗೀಗ ಜನ ಒಪ್ಪುತ್ತಾರೆ. ಕೌನ್ಸೆಲಿಂಗ್ ಅಂದರೂ ಪರವಾಗಿಲ್ಲ. ಆದರೆ ಆಸ್ಪತ್ರೆಗೆ ಸೇರಬೇಕು ಅಂದ ಕೂಡಲೇ ಮಾತು ನಿಂತುಹೋಗುತ್ತದೆ. ನಾನು ವರ್ಷಗಟ್ಟಲೆ ಮಾತ್ರೆ ನುಂಗಿದವಳು, ಆಫೀಸಿನಲ್ಲಿ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿಕೊಂಡವಳು. ಆದರೂ ಡಾಕ್ಟ್ರು "ಸ್ವಲ್ಪ ದಿನ ಅಡ್ಮಿಟ್ ಆಗಿ" ಅಂದಾಗ ಕೈಕಾಲು ತಣ್ಣಗಾದವು.

ಈ ಹೆದರಿಕೆ ಎಲ್ಲಿಂದ ಬರುತ್ತೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ನಾನು ಬೆಳೆದದ್ದು ಗದಗದ ಹತ್ತಿರ. ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಆಡಿದರೆ ಸಾಕು, "ಇವನ್ನ ಧಾರವಾಡಕ್ಕ ಕಳಸಬೇಕ್ರಿ" ಅನ್ನುತ್ತಾರೆ. ಬೆಂಗಳೂರಿಗೆ ಬಂದರೆ ಅದೇ ಜೋಕು, ಧಾರವಾಡದ ಜಾಗದಲ್ಲಿ ನಿಮ್ಹಾನ್ಸ್. ಧಾರವಾಡದ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ. ಆ ಕಾಲದಲ್ಲಿ ಇಂಥ ಜಾಗಗಳಿಗೆ ಜನರನ್ನು ಸೇರಿಸುತ್ತಿದ್ದದ್ದು ವಾಸಿ ಮಾಡೋದಕ್ಕಿಂತ ಜಾಸ್ತಿ ಊರಿಂದ ದೂರ ಇಡೋಕೆ. ಅಷ್ಟೊಂದು ಹಿಂದೆ ಹೋಗೋದೂ ಬೇಡ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರ ಖಾಸಗಿಯವರು ನಡೆಸುತ್ತಿದ್ದ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿ ಹಾಕಿ ಕಟ್ಟಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತದ್ದು 2001ರ ಆಗಸ್ಟ್‌ನಲ್ಲಿ. ಅದು ಆಸ್ಪತ್ರೆ ಅಲ್ಲ, ನಿಜ. ಆದರೆ ಹೆದರಿದವರಿಗೆ ಆ ವ್ಯತ್ಯಾಸ ಎಲ್ಲಿ ಕಾಣುತ್ತೆ? ಅದಕ್ಕೇ ಯಾರಾದರೂ "ಅಯ್ಯೋ, ಅದಕ್ಕೆಲ್ಲಾ ಯಾಕೆ ಹೆದರ್ತೀಯ" ಅಂದರೆ ನನಗೆ ಸಿಟ್ಟು ಬರುತ್ತದೆ. ಹೆದರೋಕೆ ಕಾರಣ ಇದೆ.

ಡಾಕ್ಟ್ರ ಕಡೆಯೂ ಕಾರಣ ಇತ್ತು. ಊಟ ಸೇರುತ್ತಿರಲಿಲ್ಲ, ನಿದ್ದೆ ಇರಲಿಲ್ಲ, ಸತ್ತರೆ ಸಾಕು ಅನ್ನೋ ಯೋಚನೆ ದಿನಾ ಬರುತ್ತಿತ್ತು. ಹಳೇ ಮಾತ್ರೆ ನಿಲ್ಲಿಸಿ ಹೊಸದು ಶುರು ಮಾಡಬೇಕಿತ್ತು. ಈ ಮಾತ್ರೆಗಳು ಕೆಲಸ ಶುರು ಮಾಡೋಕೆ ಎರಡು ವಾರವಾದರೂ ಬೇಕು, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಅಲ್ಲಿವರೆಗೆ ಹಗಲು ರಾತ್ರಿ ನೋಡಿಕೊಳ್ಳೋರು ಯಾರು? ನಾನು ಒಬ್ಬಳೇ ಇದ್ದದ್ದು, ಬಾಡಿಗೆ ಮನೆಯಲ್ಲಿ.

ಅವ್ವ ಫೋನಿನಲ್ಲೇ ಅಳೋಕೆ ಶುರು ಮಾಡಿದಳು. "ಬ್ಯಾಡ ಯವ್ವಾ, ಮನಿಗೆ ಬಾ. ಬಿಸಿ ರೊಟ್ಟಿ ಉಂಡು ನಾಕ ದಿನ ಮಲ್ಕೊಂಡ್ರ ಎಲ್ಲಾ ಹೋಗತೈತಿ. ಅಲ್ಲಿಗೆ ಹೋದ್ರ ಮಂದಿ ಏನಂದಾರು?" ಮಂದಿ ಅಂದರೆ ಅವಳ ಲೆಕ್ಕದಲ್ಲಿ ತಂಗಿಯನ್ನು ನೋಡೋಕೆ ಬರಬೇಕಿದ್ದ ಗಂಡಿನ ಕಡೆಯವರು. ನಾನೇನೂ ಕಮ್ಮಿ ಇರಲಿಲ್ಲ. ಒಳಗೆ ಹೋದರೆ ಬೀಗ ಹಾಕುತ್ತಾರೆ, ಕರೆಂಟ್ ಕೊಡುತ್ತಾರೆ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುತ್ತಾರೆ, ನಾನು ಹೇಳಿದ್ದನ್ನು ಆಮೇಲೆ ಯಾರೂ ನಂಬಲ್ಲ. ಇದು ನನ್ನ ಪಟ್ಟಿ.

ಅಕ್ಕ ಮಾತ್ರ ಹೆದರಬೇಡ ಅನ್ನಲಿಲ್ಲ. ಅವಳು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದಳು, ಒಂದು ನೋಟ್‌ಬುಕ್ ತೆಗೆದಳು, "ಏನೇನು ಹೆದರಿಕಿ ಐತಿ ಹೇಳು, ಬರಕೋತೀನಿ" ಅಂದಳು. ಬೆಳಿಗ್ಗೆ ಅದೇ ನೋಟ್‌ಬುಕ್ ಹಿಡಿದು ಡಾಕ್ಟ್ರ ಮುಂದೆ ಕೂತು, ಬ್ಯಾಂಕಿನಲ್ಲಿ ಲೋನ್ ಕೇಳೋರ ಥರ ಒಂದೊಂದಾಗಿ ಕೇಳಿದಳು. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಆದರೆ ಪ್ರತಿಯೊಂದು ಉತ್ತರವೂ ಕಿವಿಗೆ ಬೀಳುತ್ತಿತ್ತು.

ಮೊದಲು ಬೀಗದ ವಿಷಯ. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ, 2018ರಿಂದ ಜಾರಿಯಲ್ಲಿದೆ. ನನಗೆ ಪರಿಸ್ಥಿತಿ ಅರ್ಥವಾಗುತ್ತಿದ್ದರೆ ನಾನೇ ಸಹಿ ಹಾಕಿ ಸೇರಬಹುದು. ಹಾಗೆ ಸೇರಿದವರು ಹೋಗ್ತೀನಿ ಅಂದರೆ ಬಿಡಬೇಕು. ಒಂದು ಕೊಕ್ಕೆ ಇದೆ, ಇದನ್ನು ಎಲ್ಲರೂ ತಿಳಿದಿರಬೇಕು: ಈ ಸ್ಥಿತಿಯಲ್ಲಿ ಬಿಟ್ಟರೆ ಜೀವಕ್ಕೆ ಅಪಾಯ ಅಂತ ಡಾಕ್ಟ್ರಿಗೆ ಅನಿಸಿದರೆ 24 ಗಂಟೆ ತಡೆದು ಪರೀಕ್ಷೆ ಮಾಡಬಹುದು. ತೀರ್ಮಾನ ತೆಗೆದುಕೊಳ್ಳುವ ಸ್ಥಿತಿಯಲ್ಲೇ ಇಲ್ಲದವರಿಗೆ ಬೇರೆ ದಾರಿ. ಅವರ ಪ್ರತಿನಿಧಿ ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ಹಾಗೆ ಸೇರಿಸಿದರೂ ಮೊದಲಿಗೆ 30 ದಿನದವರೆಗೆ ಮಾತ್ರ. ಆಸ್ಪತ್ರೆಯವರು, ಹೀಗೆ ಸೇರಿಸಿದ್ದು ಸರಿಯಾ ಅಂತ ನೋಡೋ ಪುನರ್‌ಪರಿಶೀಲನಾ ಮಂಡಳಿಗೆ ವರದಿ ಕಳಿಸಬೇಕು, ಹೆಂಗಸರಾದರೆ 3 ದಿನದಲ್ಲಿ. ಸರಪಳಿ ಹಾಕುವುದು, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಎರಡಕ್ಕೂ ನಿಷೇಧ ಇದೆ. ಕಾನೂನಿನಲ್ಲಿ ಬರೆದದ್ದೆಲ್ಲಾ ಎಲ್ಲಾ ಕಡೆ ನಡೆಯುತ್ತೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳುವಾಗ ಕೈಯಲ್ಲಿ ಏನೋ ಒಂದು ಇರುತ್ತೆ, ಅಲ್ವಾ?

ಕರೆಂಟ್ ವಿಷಯಕ್ಕೆ ಡಾಕ್ಟ್ರು ನಕ್ಕರು, ಆಮೇಲೆ ನಗಬಾರದಿತ್ತು ಅಂತ ಅವರೇ ಅಂದರು. ಇಸಿಟಿ, ಅಂದರೆ ತಲೆಗೆ ಕರೆಂಟ್ ಕೊಡೋ ಚಿಕಿತ್ಸೆ, ಎಲ್ಲರಿಗೂ ಕೊಡಲ್ಲ. ಕೊಟ್ಟರೂ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡೋ ಹಾಗೇ ಇಲ್ಲ. ನನಗೆ ಕೊಡಲಿಲ್ಲ. ಪಕ್ಕದ ಹಾಸಿಗೆಯ ಒಬ್ಬ ಹೆಂಗಸಿಗೆ ಕೊಡುತ್ತಿದ್ದರು. ಬೆಳಿಗ್ಗೆ ಏನೂ ತಿನ್ನದೆ ಹೋಗುವರು, ಬಂದು ಸ್ವಲ್ಪ ಹೊತ್ತು ತಲೆನೋವು ಅನ್ನುವರು, ಹಿಂದಿನ ದಿನ ನಾನು ಹೇಳಿದ್ದನ್ನು ಮರೆತಿರುವರು. ಆ ಮರೆವು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಬಂದ ಹೊಸದರಲ್ಲಿ ಒಂದು ಮಾತೂ ಆಡದೆ ಗೋಡೆ ನೋಡುತ್ತಿದ್ದವರು ಆಮೇಲಾಮೇಲೆ ಸಾಂಬಾರಿಗೆ ಉಪ್ಪು ಸಾಲದು ಅಂತ ಜಗಳಕ್ಕೆ ನಿಂತರು. ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತು ಅಂದರೆ!

ಒಳಗಿನ ದಿನಗಳು ನಾನು ಹೆದರಿದ ಹಾಗಿರಲಿಲ್ಲ. ಚೆನ್ನಾಗಿತ್ತು ಅಂತಲೂ ಹೇಳಲಾರೆ. ಹೋದ ಕೂಡಲೇ ಬ್ಯಾಗ್ ಪೂರ್ತಿ ಬಿಚ್ಚಿ ನೋಡಿದರು. ಚಾರ್ಜರ್, ಗಾಜಿನ ಬಾಟಲಿ, ಸೇಫ್ಟಿ ಪಿನ್ನು, ಎಲ್ಲಾ ತೆಗೆದಿಟ್ಟರು. ಅವಮಾನ ಅನಿಸಿತು. ಬಾತ್‌ರೂಮಿಗೆ ಒಳಗಡೆ ಚಿಲಕ ಇಲ್ಲ. ರಾತ್ರಿ ಸಿಸ್ಟರ್ ಟಾರ್ಚ್ ಹಿಡಿದು ಬಂದು ನೋಡಿ ಹೋಗುತ್ತಿದ್ದರು, ನಿದ್ದೆ ಬಂದಿದ್ದರೆ ಎಚ್ಚರವಾಗೋದು. ಮಾತ್ರೆ ಅವರ ಮುಂದೇನೇ ನುಂಗಬೇಕು, ಬಾಯಿ ತೆಗೆದು ತೋರಿಸಬೇಕು. ಫೋನು ಸಂಜೆ ಸ್ವಲ್ಪ ಹೊತ್ತು ಮಾತ್ರ. ಇದ್ಯಾವುದಕ್ಕಿಂತ ದೊಡ್ಡ ಕಷ್ಟ ಒಂದಿತ್ತು, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಬೇಜಾರು! ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಮುಗಿಯೋದೇ ಇಲ್ಲ. ಕೇರಂ ಬೋರ್ಡ್ ಇತ್ತು, ಸ್ಟ್ರೈಕರ್ ಇರಲಿಲ್ಲ. ಹೋಗೋರು ಒಂದೆರಡು ಪುಸ್ತಕ, ಹಳೇ ಮೆತ್ತನೆ ಬಟ್ಟೆ, ಮುಖ್ಯವಾದ ಫೋನ್ ನಂಬರುಗಳನ್ನು ಬರೆದ ಚೀಟಿ ಇಟ್ಟುಕೊಳ್ಳಿ. ನಂಬರ್ ಯಾರಿಗೂ ಬಾಯಿಪಾಠ ಇರಲ್ಲ ಈಗ.

ಅಕ್ಕ ಜೊತೆಗೇ ಉಳಿದಳು. ನಮ್ಮಲ್ಲಿ ಎಷ್ಟೋ ವಾರ್ಡುಗಳಲ್ಲಿ ಮನೆಯವರೊಬ್ಬರು ಇರಲೇಬೇಕು ಅನ್ನುತ್ತಾರೆ, ನಿಮ್ಹಾನ್ಸ್‌ನಲ್ಲೂ ಈ ಪದ್ಧತಿ ಇದೆ. ಇದರ ಹಿಂದೆ ಒಂದು ಒಳ್ಳೇ ಕತೆಯಿದೆ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅನ್ನೋರು ಅಂಗಳದಲ್ಲೇ ಟೆಂಟ್ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರಂತೆ. ಜೊತೆಗೆ ಜನ ಇಲ್ಲದವರು ಏನು ಮಾಡಬೇಕು ಅನ್ನೋದು ಮಾತ್ರ ದೊಡ್ಡ ಪ್ರಶ್ನೆ. ಅಕ್ಕ ಬರದೇ ಇದ್ದಿದ್ದರೆ ನಾನು ಖಂಡಿತಾ ಸೇರುತ್ತಿರಲಿಲ್ಲ.

ಇನ್ಶೂರೆನ್ಸ್‌ನವರು ಮೊದಲು "ಮೆಂಟಲ್ ಕೇಸಿಗೆ ಬರಲ್ಲ" ಅಂದರು. ಬರುತ್ತೆ. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆಗೂ ಬೇರೆ ಕಾಯಿಲೆಗಳ ಹಾಗೇ ವಿಮೆ ಕೊಡಬೇಕು. ಅಕ್ಕ ಸೆಕ್ಷನ್ ನಂಬರ್ ಹಾಕಿ ಮೇಲ್ ಕಳಿಸಿದ ಮೇಲೆ ದನಿ ಬದಲಾಯಿತು, ದುಡ್ಡು ಬರೋಕೆ ಮಾತ್ರ ಎಷ್ಟೋ ದಿನ ಆಯಿತು. ಊರಲ್ಲಿ ಅವ್ವ ಎಲ್ಲರಿಗೂ ಕಾಮಾಲೆ ಅಂತ ಹೇಳಿದ್ದಳು. ಹೇಳಿಕೊಳ್ಳಲಿ ಬಿಡಿ. ನೋಡೋಕೆ ಬಂದವರೆಲ್ಲಾ ಎಣ್ಣೆ ಮುಟ್ಟಬೇಡ ಅಂತ ಬುದ್ಧಿ ಹೇಳಿ ಹೋದರು.

ಆಸ್ಪತ್ರೆಯಿಂದ ಬಂದಾಗ ಪೂರ್ತಿ ವಾಸಿಯಾಗಿರಲಿಲ್ಲ. ನಿದ್ದೆ ಬರುತ್ತಿತ್ತು, ಸಾಯುವ ಯೋಚನೆ ಕಮ್ಮಿಯಾಗಿತ್ತು, ಅಷ್ಟೇ. ಮನೆಗೆ ಹೋಗೋಕೆ ಅಷ್ಟು ಸಾಕು. ಈಗ ಇದನ್ನು ಓದುತ್ತಿರುವವರಿಗೆ ಅಂಥ ಯೋಚನೆ ಬರುತ್ತಿದ್ದರೆ 14416ಗೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.

ಮುಂದೆ ಮತ್ತೆ ಸೇರಬೇಕಾದರೆ? ಡಾಕ್ಟ್ರು ಆಗಲ್ಲ ಅಂತ ಹೇಳಿಲ್ಲ. ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಇದೆ. ನಾವು ಚೆನ್ನಾಗಿರುವಾಗಲೇ, ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನಮ್ಮ ಪರವಾಗಿ ಮಾತಾಡೋರು ಯಾರು ಅಂತ ಬರೆದಿಡಬಹುದು. ಅದಕ್ಕೊಂದು ನಮೂನೆ ಇದೆ, ಇಬ್ಬರು ಸಾಕ್ಷಿ ಬೇಕು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸಲ್ಲ. ನಾನು ಪ್ರತಿನಿಧಿ ಅಂತ ಅಕ್ಕನ ಹೆಸರು ಬರೆದು, ಕೆಳಗೆ ನನ್ನ ಬೇಡಿಕೆಗಳನ್ನೆಲ್ಲಾ ಹಾಕಿ ಸಹಿಗೆ ಅಂತ ಅವಳಿಗೆ ಕೊಟ್ಟೆ. ಅವಳು ಪೂರ್ತಿ ಓದಿ, "ಕೇರಂ ಸ್ಟ್ರೈಕರ್ ಮನಿಯಿಂದ ತರಬೇಕು ಅಂತನೂ ಬರದೀಯಲ್ಲ, ಇದಕ್ಕೂ ನಾನೇ ಜವಾಬ್ದಾರಿಯೇನು?" ಅಂತ ಕೇಳಿದಳು. ಹೌದು ಅಂದೆ. ಸಹಿ ಹಾಕಿದಳು.