ಕ್ರಿಕೆಟ್ ಜೊತೆ ಒಲಿಂಪಿಕ್ಸ್ ಸೇರಿದ ಇನ್ನೊಂದು ಆಟ

2022ರ ವರ್ಲ್ಡ್ ಗೇಮ್ಸ್ ಕ್ರೀಡಾಕೂಟದ ಮಹಿಳೆಯರ ಲಕ್ರಾಸ್ ಫೈನಲ್ ಈಗ ನೋಡಿ ಮುಗಿಸಿದೆ. ಲಕ್ರಾಸ್ ಅಂದರೆ ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ. ನಡೆದಿದ್ದು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಕೆನಡಾದ ಹುಡುಗಿಯರು ಅಮೆರಿಕವನ್ನು ಅದರ ನೆಲದಲ್ಲೇ ಸೋಲಿಸಿ ಚಿನ್ನ ಗೆದ್ದರು.

ಮೈದಾನದಲ್ಲಿ ತಂಡಕ್ಕೆ ಆರೇ ಜನ. ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿಗೆ ಹೊಡೆಯಬೇಕು. ಉಸಿರಾಡೋಕೂ ಪುರುಸೊತ್ತಿಲ್ಲ! ನನ್ನ ಕಣ್ಣು ಮಾತ್ರ ಕೋಲಿನ ತುದಿಯ ಬಲೆ ಮೇಲೇ. ಚೆಂಡು ಜಾರದಿರಲಿ ಅಂತ ಓಡುತ್ತಲೇ ಮಣಿಕಟ್ಟು ತಿರುಗಿಸಿ ಕೋಲನ್ನು ತೊಟ್ಟಿಲಿನಂತೆ ತೂಗುತ್ತಾರೆ. ಅಷ್ಟು ವೇಗದಲ್ಲೂ ಎಂಥ ನಾಜೂಕು!

1904, 1908ರ ಒಲಿಂಪಿಕ್ಸ್‌ನಲ್ಲೂ ಲಕ್ರಾಸ್ ಪದಕದ ಆಟ. ಆದರೆ ಆಡಿದ್ದು ಗಂಡಸರು ಮಾತ್ರ. 2028ರ ಲಾಸ್ ಏಂಜಲೀಸ್‌ನಲ್ಲಿ ಹೆಣ್ಣುಮಕ್ಕಳೂ ಆಡುತ್ತಾರೆ. ಆ ತೀರ್ಮಾನ ಆಗಿದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈನಲ್ಲೇ. ಅವತ್ತು ನಾವೆಲ್ಲ ಕ್ರಿಕೆಟ್ ಸೇರಿತು ಅಂತ ಕುಣಿದಾಡಿದ್ವಿ, ಅಲ್ವಾ? ಅದೇ ಪಟ್ಟಿಯಲ್ಲಿ ಇವರೂ ಇದ್ದರು.

ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದ್ದು. ಅವರಲ್ಲಿ ಹೌಡೆನೊಶೋನಿ ಜನರಿಗೆ ತಮ್ಮದೇ ಮಹಿಳಾ ತಂಡವಿದೆ. ಆ ಹೆಣ್ಣುಮಕ್ಕಳು ತಮ್ಮದೇ ಬಾವುಟ ಹಿಡಿದು ಒಲಿಂಪಿಕ್ಸ್‌ಗೆ ಬರಬೇಕು ಅನ್ನೋದು ನನ್ನ ದೊಡ್ಡ ಆಸೆ.