ಬಾನೆಟ್ ಎತ್ತುವ ಮುಂಚೆಯೇ ಟರ್ಬೋ ಹೋಗಿತ್ತು

ಗಾಡಿ ಇನ್ನೂ ಗಿರಾಕಿಯ ಅಂಗಳದಲ್ಲೇ ಇತ್ತು, ಇಲ್ಲಿ ವರ್ಕ್‌ಶಾಪಿನಲ್ಲಿ ಎಸ್ಟಿಮೇಟ್ ತಯಾರು. ಟರ್ಬೋ (ಎಂಜಿನ್ನಿಗೆ ಒತ್ತಿ ಗಾಳಿ ತುಂಬುವ ಭಾಗ) ಅಸೆಂಬ್ಲಿ, ಗ್ಯಾಸ್ಕೆಟ್ ಕಿಟ್, ಎಂಜಿನ್ ಆಯಿಲ್, ಲೇಬರ್. ಅವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಪಿಕಪ್ ಒಮ್ಮೆಲೇ ಹೋತ್ರಿ, ಚೆಕ್ ಲೈಟ್ ಬಂದದ." ತಿಂಗಳ ಕೊನೆ, ಟಾರ್ಗೆಟ್ ಬಾಕಿ. ನಮ್ಮ ಅಡ್ವೈಸರ್‌ಗೆ ಅಷ್ಟು ಸಾಕಾಯಿತು. "ಹೋಗಿ ಕೋಡ್ ತೆಗೆದು ಫೋಟೊ ಹಾಕು, ನಾನು ಟೋಯಿಂಗ್‌ಗೆ ಹೇಳ್ತೀನಿ" ಅಂತ ನನ್ನನ್ನು ಸೇಡಂ ರೋಡಿಗೆ ಅಟ್ಟಿದರು.

ಗಿರಾಕಿ ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರು. ಗಾಡಿ ಬಿಎಸ್-4 ಡೀಸೆಲ್. ಹುಮನಾಬಾದ್ ರೋಡಿನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಕೈಕೊಟ್ಟಿದೆ. "ಎದುರಿಗಿ ಬಸ್ ಬರ್ಲಾಕತ್ತಿತ್ರಿ. ಕಾಲು ಪೂರಾ ಒತ್ತೀನಿ, ಗಾಡಿ ಮುಂದಕ್ಕ ಹೋಗವಲ್ದು. ಬ್ರೇಕ್ ಹೊಡ್ದು ಮತ್ತ ಲಾರಿ ಹಿಂದೇ ಬಂದು ಬಿದ್ದೆ." ಇದನ್ನು ಹೇಳುವಾಗಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಸ್ಕ್ಯಾನರ್ ಹಾಕಿದೆ: ಪಿ0299, ಅಂಡರ್‌ಬೂಸ್ಟ್. ಫೋಟೊ ಹೋದ ಕ್ಷಣವೇ ವರ್ಕ್‌ಶಾಪಿನ ವಾಟ್ಸಾಪ್ ಗ್ರೂಪಿನಲ್ಲಿ ಉತ್ತರ, "ಟರ್ಬೋ ಕನ್‌ಫರ್ಮ್." ಏನು ಕನ್‌ಫರ್ಮ್? ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಕೇಳಿದಷ್ಟು ಗಾಳಿ ಬರಲಿಲ್ಲ ಅನ್ನುವುದಷ್ಟೇ ಆ ಕೋಡ್. ಎಲ್ಲಿ ಹೋಯಿತು ಅಂತ ಅದು ಹೇಳುವುದಿಲ್ಲ. ಟರ್ಬೋ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನ ಹೋಸ್ ಸೀಳಿದರೂ, ಟರ್ಬೋವನ್ನು ಹಿಡಿತದಲ್ಲಿಡುವ ಆಕ್ಟುವೇಟರ್‌ನ ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದರೂ ಬರುವುದು ಇದೇ ಕೋಡ್.

ಚಾವಿ ಆನ್, ಎಂಜಿನ್ ಆಫ್. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 96 ಕೆಪಿಎ (ಕಿಲೋಪ್ಯಾಸ್ಕಲ್) ತೋರಿಸಿತು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿನ ಹೊರಗಾಳಿಯ ಒತ್ತಡವೇ ಅಷ್ಟು. ಹಾಗಾಗಿ ಸೆನ್ಸರ್ ಮೇಲೆ ಅನುಮಾನ ಬೇಡ. ಟರ್ಬೋ ಬಾಯಿಯ ಹೋಸ್ ಬಿಚ್ಚಿ ಒಳಗಿನ ಫ್ಯಾನಿನಂಥ ವೀಲ್ ಹಿಡಿದು ಹಿಂದೆ ಮುಂದೆ ಎಳೆದೆ, ಆಟ ಇಲ್ಲ. ಅಡ್ಡಕ್ಕೆ ಚೂರು ಅಲುಗಿತು, ಅದು ಇರಬೇಕಾದದ್ದೇ. ಬ್ಲೇಡ್ ಎಲ್ಲೂ ಉಜ್ಜಿಲ್ಲ. ವ್ಯಾಕ್ಯೂಮ್ ಪೈಪೂ ಗಟ್ಟಿ ಇತ್ತು. ಎಲ್ಲ ಜೋಡಿಸಿ, ಕೋಡ್ ಅಳಿಸಿ, ನಿಂತಲ್ಲೇ 3000 ಆರ್‌ಪಿಎಂವರೆಗೆ ರೇಸ್ ಮಾಡಿದೆ. ಲೈಟ್ ಬರಲಿಲ್ಲ. ಮೇ ತಿಂಗಳ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ಒಳಗಿಂದ ಚಹಾ ಬೇರೆ ಬಂತು. "ಸರಿ ಆತೇನ್ರಿ?" ಅಂದರು. "ಆಗಿರಬೇಕ್ರಿ" ಅಂದುಬಿಟ್ಟೆ. ನಿಂತ ಗಾಡಿಗೆ ಲೋಡ್ ಇರುವುದಿಲ್ಲ, ಲೋಡ್ ಇಲ್ಲದೆ ಟರ್ಬೋ ಗಾಳಿ ತುಂಬುವುದಿಲ್ಲ. ಗೊತ್ತಿದ್ದೂ ಹಾಗಂದೆ.

ಪುಣ್ಯಕ್ಕೆ ಅವರೇ ಬಿಡಲಿಲ್ಲ. "ಒಂದು ರೌಂಡ್ ಹೋಗಿ ಬರೋಣ ನಡೀರಿ."

ರಿಂಗ್ ರೋಡಿನಲ್ಲಿ ಸ್ಕ್ಯಾನರ್ ಅವರ ಕೈಗೆ ಕೊಟ್ಟು ನಂಬರ್ ಕೂಗಲು ಹೇಳಿದೆ. ಮೂರನೇ ಗೇರ್, 1500 ಆರ್‌ಪಿಎಂನಿಂದ ಕಾಲು ಪೂರಾ ಕೆಳಕ್ಕೆ. ಮ್ಯಾಪ್ 200 ಕೆಪಿಎ ದಾಟಬೇಕು. "110... 125... 130... 130ರಾಗೇ ನಿಂತದ್ರಿ." ಬಾನೆಟ್ ಕಡೆಯಿಂದ ಸ್ಸ್ ಅನ್ನುವ ಸದ್ದು, ಕನ್ನಡಿಯಲ್ಲಿ ಕರ್ರನೆಯ ಹೊಗೆ. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಗಾಡಿ ಲಿಂಪ್ ಮೋಡಿಗೆ, ಅಂದರೆ ಇಸಿಯು ತಾನೇ ಶಕ್ತಿ ತಗ್ಗಿಸುವ ಸ್ಥಿತಿಗೆ, ಬಿತ್ತು. ಹಿಂದೆ ಟಿಪ್ಪರ್, ಹಾರ್ನ್ ಹೊಡೆಯುತ್ತಲೇ ಇದೆ. ಎಡಕ್ಕೆ ಜಾಗ ಸಿಗುವವರೆಗೆ ಇಬ್ಬರೂ ಉಸಿರೆತ್ತಲಿಲ್ಲ. ಸಾವ್ಕಾರ್ರು ಆಗಲೂ "130, 130" ಅನ್ನುತ್ತಲೇ ಇದ್ದರು.

ವಾಪಸ್ ಅವರ ಮನೆಗೆ. ಬೂಸ್ಟ್ ಲೀಕ್ ನೋಡುವ ಟೂಲ್ ಕೊಡಿಸಿ ಅಂತ ಕೇಳಿ ಕೇಳಿ ಸಾಕಾಗಿದೆ, ಕೊಡಿಸಿಲ್ಲ. ಪಿವಿಸಿ ಪೈಪಿನ ಎಂಡ್ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಿಕ್ಕಿಸಿ ನಾನೇ ಮಾಡಿಕೊಂಡದ್ದು ಬ್ಯಾಗಿನಲ್ಲಿರುತ್ತದೆ. ಟರ್ಬೋ ಬಾಯಿಯ ಹೋಸಿಗೆ ಅದನ್ನು ತುರುಕಿ ಕ್ಲ್ಯಾಂಪ್ ಬಿಗಿದೆ. ಬ್ರೀದರ್ ಪೈಪ್ ಮುಚ್ಚಿದೆ, ಇಲ್ಲದಿದ್ದರೆ ಗಾಳಿ ಎಂಜಿನ್ನಿನ ಕೆಳಗೆ ನುಗ್ಗಿ ಸೀಲ್ ಹಾಳು. ಅವರದೇ ಟೈರ್ ಪಂಪಿನಿಂದ ಅರ್ಧ ಬಾರ್ ಬಿಟ್ಟೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಕ್ಯಾಪ್ ಹಾರಿ ಮುಖಕ್ಕೇ ಬರಬಹುದು. ಶಾಂಪೂ ನೀರು ಚಿಮುಕಿಸಿದರೆ ಮೇಲೆ ಎಲ್ಲೂ ಗುಳ್ಳೆ ಇಲ್ಲ. ಇಂಟರ್‌ಕೂಲರ್‌ಗೆ ಹೋಗುವ ಹೋಸಿನ ಅಡಿಗೆ ಕೈ ಹಾಕಿದಾಗ ಬೆರಳಿಗೆ ಗಾಳಿ ತಾಗಿತು. ಕ್ಲ್ಯಾಂಪಿನ ಪಕ್ಕದಲ್ಲೇ ಉದ್ದಕ್ಕೆ ಸೀಳು. ಒತ್ತಡ ಬಂದರೆ ತುಟಿ ಬಿಚ್ಚುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಸುತ್ತ ಆಯಿಲ್ ಮಂಜಿಗೆ ಗಂಜ್‌ನ ಧೂಳು ಮೆತ್ತಿ ಕಪ್ಪು ಹೆಪ್ಪುಗಟ್ಟಿತ್ತು. ಮೊದಲೇ ಕೆಳಗೆ ಬೆರಳು ಆಡಿಸಿದ್ದರೆ ಕೈಗೇ ಹತ್ತುತ್ತಿತ್ತು.

ಗ್ರೂಪಿನಲ್ಲಿ ಸೀಳಿನ ಫೋಟೊ ಹಾಕಿದೆ. ಕನ್‌ಫರ್ಮ್ ಅಂದವರು ನೋಡಿದರು, ನೀಲಿ ಟಿಕ್ ಬಂತು, ಅಷ್ಟೇ.

ಮರುದಿನ ಹೋಸ್ ಬಂತು, ಹಾಕಿದೆ, ಅದೇ ರಿಂಗ್ ರೋಡಿನಲ್ಲಿ 220. ಟರ್ಬೋ ರೇಟಿನ ಮುಂದೆ ಈ ಹೋಸಿನ ದರ ಚಿಲ್ಲರೆ. ಅದಕ್ಕೇ ನಮ್ಮ ಇನ್‌ಚಾರ್ಜ್ ಮುಖ ಸಪ್ಪಗಿತ್ತು. ಇಷ್ಟಾದರೂ ಜಾಬ್ ಕಾರ್ಡ್ ಕ್ಲೋಸ್ ಆಗಲೊಲ್ಲದು. ಸಾಫ್ಟ್‌ವೇರಿನಲ್ಲಿ ಟರ್ಬೋ ಬದಲಿಸಲು ಲೇಬರ್ ಕೋಡ್ ಇದೆ, ಲೀಕ್ ಹುಡುಕಲು ಇಲ್ಲ. ಕೊನೆಗೆ ಅಡ್ವೈಸರ್ "ಏರ್ ಫಿಲ್ಟರ್ ಕ್ಲೀನಿಂಗ್" ಅಂತ ಹೊಡೆದು ಬಿಲ್ ತೆಗೆದರು.

ಸಾವ್ಕಾರ್ರು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. "ಏರ್ ಫಿಲ್ಟರ್ ಈಗಷ್ಟೇ ಹೊಸಾದು ಹಾಕ್ಸೀನಲ್ರಿ, ಅದರಾಗ ಏನು ಕ್ಲೀನ್ ಮಾಡಿದ್ರಿ?"

ಅಡ್ವೈಸರ್ ನನ್ನ ಕಡೆ ಬೆರಳು ತೋರಿಸಿದರು. "ಅವನ್ನೇ ಕೇಳ್ರಿ ಸರ್, ಕೆಲಸ ಮಾಡಿದಾವ ಅವನೇ."