ಹಲ್ಲಿನ ಚಿಕಿತ್ಸೆಗೆ ಹೆದರುವವರಿಗೆ ಯಾವ ಮಂಪರು ಸರಿ?

"ನಿದ್ದೆ ಬರೋ ಹಾಗೆ ಏನಾದ್ರೂ ಕೊಟ್ಟುಬಿಡಿ ಡಾಕ್ಟ್ರೇ" ಎಂದು ಕೇಳುವ ಮೊದಲು ಭಯ ಯಾವುದರದ್ದು ಎಂದು ಬಿಡಿಸಿ ನೋಡಿಕೊಳ್ಳಿ. ಒಬ್ಬರಿಗೆ ಸೂಜಿ ಕಂಡರಾಗದು, ಇನ್ನೊಬ್ಬರಿಗೆ ಡ್ರಿಲ್ಲಿನ ಸದ್ದು. ಕೆಲವರಿಗೆ ಬಾಯಲ್ಲಿ ಕನ್ನಡಿ ಇಟ್ಟರೂ ಓಕರಿಕೆ. ಹಿಂದೊಮ್ಮೆ ಸರಿಯಾಗಿ ಮರಗಟ್ಟದೆ ಹಲ್ಲು ಕೀಳಿಸಿಕೊಂಡವರ ಭಯವೇ ಬೇರೆ. ಇವರೆಲ್ಲರಿಗೂ ಒಂದೇ ಮದ್ದು ನಾಟುವುದಿಲ್ಲ.

ಮಂಪರಿನ ಔಷಧ ಮನಸ್ಸನ್ನು ಸಡಿಲಗೊಳಿಸುತ್ತದೆ, ಹಲ್ಲಿನ ನೋವನ್ನು ತಡೆಯುವುದಿಲ್ಲ. ನೋವು ತಡೆಯುವುದು ಒಸಡಿಗೆ ಕೊಡುವ ಲಿಗ್ನೊಕೇನ್ ಇಂಜೆಕ್ಷನ್. ಮಂಪರು ಕೊಟ್ಟರೂ ಅದು ಬೇಕೇ ಬೇಕು. ಹಲ್ಲಿನ ಬುಡದಲ್ಲಿ ಕೀವು ತುಂಬಿದಾಗ ಆ ಜಾಗ ಆಮ್ಲೀಯವಾಗಿ, ಔಷಧ ನರದೊಳಗೆ ಸಾಕಷ್ಟು ಇಳಿಯುವುದಿಲ್ಲ. ಆಗ ಬೇಕಾದ್ದು ಕೀವಿಗೆ ದಾರಿ ಮಾಡಿ ಊತ ಇಳಿಸುವುದು, ಇಲ್ಲವೇ ಇನ್ನೊಂದು ಕಡೆಯಿಂದ ನರವನ್ನು ಮರಗಟ್ಟಿಸುವುದು. ಸೂಜಿಯ ಭಯ ಮಾತ್ರ ಇದ್ದವರಿಗೆ ಮಂಪರೂ ಬೇಡ. ಒಸಡನ್ನು ಒರೆಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ ಎರಡು ನಿಮಿಷ ಕಾದು, ಔಷಧವನ್ನು ತೀರ ನಿಧಾನವಾಗಿ ಒಳಬಿಟ್ಟರೆ ಬಹುಪಾಲು ಉರಿ ಇರುವುದಿಲ್ಲ. ಹೀಗೆ ಮಾಡಿ ಎಂದು ಕೇಳಲು ಸಂಕೋಚ ಪಡಬೇಡಿ.

ಇದಕ್ಕೂ ಬಗ್ಗದ ಭಯಕ್ಕೆ ಮೊದಲು ಯೋಚಿಸಬೇಕಾದ್ದು ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರಲ್ಲೇ ಇದನ್ನು ಉಸಿರಾಡಿ ತನ್ನ ಹಲ್ಲು ಕೀಳಿಸಿಕೊಂಡಿದ್ದ. ಈಗ ಆಮ್ಲಜನಕದ ಜೊತೆ ಬೆರೆಸಿ, ಮೂಗಿನ ಮೇಲೆ ಚಿಕ್ಕ ಮಾಸ್ಕ್ ಇಟ್ಟು ಕೊಡುತ್ತಾರೆ. ಮೊದಲು ಬರೀ ಆಮ್ಲಜನಕ, ಆಮೇಲೆ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ. ಸಾಮಾನ್ಯವಾಗಿ ಶೇ 30ರಿಂದ 50ರೊಳಗೆ ಸಾಕಾಗುತ್ತದೆ. ಬೆರಳ ತುದಿ ಜುಮ್ಮೆಂದು, ಕೈಕಾಲು ಭಾರವಾಗಿ, ಮೈ ಬೆಚ್ಚಗಾದರೆ ಅದೇ ಹದ. ವಾಕರಿಕೆ ಬಂದರೆ, ಕೋಣೆ ತಿರುಗಿದಂತಾದರೆ ಹದ ಮೀರಿದೆ. ಕೈ ಎತ್ತಿ ತಿಳಿಸಿ, ಕಡಿಮೆ ಮಾಡಿದ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಕೊನೆಗೆ ಮತ್ತೆ ಐದು ನಿಮಿಷ ಬರೀ ಆಮ್ಲಜನಕ ಉಸಿರಾಡಿದ ಮೇಲೆಯೇ ಏಳಬೇಕು. ಓಕರಿಕೆಯವರಿಗೂ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ನೆಗಡಿಯಾಗಿ ಮೂಗು ಕಟ್ಟಿದ್ದರೆ ಅಂದು ಪ್ರಯೋಜನವಿಲ್ಲ, ದಿನ ಮುಂದೂಡಿ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಬೇಡ. ರೆಟಿನಾ ಆಪರೇಷನ್ನಿನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿಸಿದ್ದರೆ ಖಂಡಿತ ಕೂಡದು, ದೃಷ್ಟಿಯೇ ಹೋಗಬಹುದು. ಬಿ12 ಕೊರತೆ ಇದ್ದರೂ ಹೇಳಲೇಬೇಕು, ಈ ಅನಿಲ ಆ ವಿಟಮಿನ್ನನ್ನು ನಿಷ್ಕ್ರಿಯಗೊಳಿಸುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳೇ ಹೆಚ್ಚಿರುವ ಮನೆಗಳಲ್ಲಿ ಈ ಕೊರತೆ ಅಪರೂಪವಲ್ಲ.

ಮಾತ್ರೆ ಅಗ್ಗ, ಸುಲಭ. ಎಡವಟ್ಟುಗಳೂ ಅದರಲ್ಲೇ ಜಾಸ್ತಿ. ಡಯಾಜೆಪಾಮ್, ಅಲ್ಪ್ರಜೋಲಾಮ್ ಕೆಲಸ ಶುರುಮಾಡಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನುಂಗಿ ಹತ್ತು ನಿಮಿಷಕ್ಕೆ ಕುರ್ಚಿ ಹತ್ತಿದರೆ ಭಯ ಹಾಗೇ ಇರುತ್ತದೆ, ಮಂಪರು ಮನೆಗೆ ಹೋಗುವಾಗ ಹಿಡಿಯುತ್ತದೆ. "ಏನೂ ಆಗ್ಲಿಲ್ಲ" ಎಂದು ಇನ್ನೊಂದು ನುಂಗಿದರೆ ಎರಡೂ ಒಟ್ಟಿಗೆ ಏರುತ್ತವೆ. ಒಳಗೆ ಹೋದದ್ದನ್ನು ಅನಿಲದಂತೆ ಇಳಿಸಲು ಬರುವುದಿಲ್ಲ. ಡಯಾಜೆಪಾಮ್ ಮೈಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿಯುತ್ತದೆ. ವಯಸ್ಸಾದವರಿಗೆ ಡೋಸ್ ಕಡಿಮೆ ಮಾಡಬೇಕು. ಇವು ಶೆಡ್ಯೂಲ್ ಎಚ್1 ಔಷಧಗಳು, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಡುವಂತಿಲ್ಲ. ಅಜ್ಜಿಯ ಡಬ್ಬಿಯಲ್ಲಿ ಉಳಿದ ನಿದ್ದೆ ಮಾತ್ರೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ.

ಹಲವರು ಹೇಳಲು ಮರೆಯುವುದು ಚರ್ಮದ ಮಾತ್ರೆಯನ್ನು. ಗಜಕರ್ಣಕ್ಕೆ ಕೊಡುವ ಇಟ್ರಾಕೋನಜೋಲ್, ಮಂಪರಿನ ಇನ್ನೊಂದು ಔಷಧವಾದ ಮಿಡಾಜೋಲಾಮ್ ಮೈಯಲ್ಲಿ ಕರಗುವುದನ್ನು ತಡೆದು ಮಂಪರನ್ನು ಅಪಾಯಕ್ಕೇರಿಸುತ್ತದೆ. ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಕೂಡ ಹಾಗೇ. ಈಚೆಗೆ ಮುಗಿಸಿದ್ದರೂ ಹೇಳಿ. ನೋವಿನ ಮಾತ್ರೆ ಟ್ರಮಡಾಲ್ ಅಥವಾ ಮದ್ಯ ಮಂಪರಿನ ಔಷಧದ ಜೊತೆ ಸೇರಿದರೆ ಉಸಿರು ಮಂದವಾಗುತ್ತದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಅದು ಸಣ್ಣ ವಿಷಯವಲ್ಲ.

ಅಡ್ಡಲಾಗಿ ಹೂತ ಬುದ್ಧಿಹಲ್ಲು, ಒಂದೇ ದಿನ ನಾಲ್ಕಾರು ಹಲ್ಲು ಕೀಳುವ ಕೆಲಸ, ವರ್ಷಗಟ್ಟಲೆ ಕ್ಲಿನಿಕ್ ಕಡೆ ತಲೆಹಾಕದಷ್ಟು ಭಯ: ಇಂಥವಕ್ಕೆ ರಕ್ತನಾಳಕ್ಕೆ ಕೊಡುವ ಮಿಡಾಜೋಲಾಮ್ ಒಳ್ಳೆಯದು. ಕೈಗೆ ಕ್ಯಾನುಲಾ, ಅಂದರೆ ಸಣ್ಣ ಕೊಳವೆ ಹಾಕಿ ಒಂದೊಂದೇ ಮಿಲಿಗ್ರಾಂ ಬಿಟ್ಟು, ಒಂದೆರಡು ನಿಮಿಷ ಕಾದು ನೋಡುತ್ತಾರೆ. ಕರೆದರೆ ಓಗೊಡುತ್ತೀರಿ, ಬಾಯಿ ತೆರೆಯುತ್ತೀರಿ, ಆದರೆ ಆಮೇಲೆ ಹೆಚ್ಚೇನೂ ನೆನಪಿರುವುದಿಲ್ಲ. ಆದ್ದರಿಂದ ಹತ್ತಿ ಎಷ್ಟು ಹೊತ್ತು ಕಚ್ಚಬೇಕು, ಯಾವ ಮಾತ್ರೆ ಯಾವಾಗ ಎಂಬುದನ್ನು ಜೊತೆಗೆ ಬಂದವರು ಕೇಳಿ ಬರೆದುಕೊಳ್ಳಬೇಕು. ಊಟ ಬಿಟ್ಟು ಆರು ಗಂಟೆ, ನೀರು ಬಿಟ್ಟು ಎರಡು ಗಂಟೆ ಆಗಿರಲಿ ಎನ್ನುವುದು ಸಾಮಾನ್ಯ ಲೆಕ್ಕ. ಶುಗರ್ ಇರುವವರು ಬೆಳಗಿನ ಮೊದಲ ಸರದಿ ಕೇಳಿ, ಇನ್ಸುಲಿನ್ ಬಗ್ಗೆ ನಿಮ್ಮ ವೈದ್ಯರ ಹತ್ತಿರ ಮೊದಲೇ ಮಾತಾಡಿ. ಉಗುರುಬಣ್ಣ ತೆಗೆದು ಬನ್ನಿ, ಬೆರಳಿಗೆ ಹಾಕುವ ಆಕ್ಸಿಮೀಟರ್ ತಪ್ಪು ತೋರಿಸಬಹುದು.

ಇಲ್ಲಿ ಫೋನಿನಲ್ಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಹಲ್ಲಿನ ಕೆಲಸ ಮಾಡುವವರು ಒಬ್ಬರು, ನನ್ನ ಉಸಿರಾಟ ನೋಡಿಕೊಳ್ಳುವವರು ಇನ್ನೊಬ್ಬರು ಇರುತ್ತಾರಾ? "ನಾನೇ ಎರಡೂ ನೋಡ್ಕೊಳ್ತೀನಿ" ಎಂಬ ಉತ್ತರ ಬಂದರೆ ಬೇರೆ ಕಡೆ ಹೋಗಿ. ಆಮ್ಲಜನಕ, ಬಿ.ಪಿ. ಯಂತ್ರ, ಮಂಪರನ್ನು ಇಳಿಸುವ ಫ್ಲುಮಾಜೆನಿಲ್ ಅದೇ ಕೋಣೆಯಲ್ಲಿರಬೇಕು. ಫ್ಲುಮಾಜೆನಿಲ್ ಪರಿಣಾಮ ಮಿಡಾಜೋಲಾಮಿಗಿಂತ ಬೇಗ ಮುಗಿಯುತ್ತದೆ, ಮತ್ತೆ ಮಂಪರು ಕವಿಯಬಹುದು. ಅದನ್ನು ಕೊಟ್ಟಿದ್ದರೆ ಎದ್ದು ಕೂತ ತಕ್ಷಣ ಮನೆಗೆ ಕಳಿಸುವಂತಿಲ್ಲ.

ಪೂರ್ತಿ ಪ್ರಜ್ಞೆ ತಪ್ಪಿಸುವುದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ, ಅರಿವಳಿಕೆ ತಜ್ಞರು ಮಾಡುವ ಕೆಲಸ. ಬಾಯಿತುಂಬ ಹುಳುಕಿರುವ ಪುಟ್ಟ ಮಕ್ಕಳಿಗೆ, ಸಹಕರಿಸಲಾಗದ ವಿಶೇಷ ಚೇತನರಿಗೆ ಅದೇ ಸರಿ.

ಮಾತ್ರೆಯಾಗಲಿ ಇಂಜೆಕ್ಷನ್ನಾಗಲಿ, ಮರಳುವಾಗ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರಬೇಡಿ. ತೂಕಡಿಸಿ ಬೀಳುವ ಅಪಾಯವಿದೆ. ಕಾರು ಮಾಡಿಕೊಂಡು ಹೋಗಿ, ಪಕ್ಕದಲ್ಲಿ ಒಬ್ಬರು ಇರಲಿ. 24 ಗಂಟೆ ಗಾಡಿ ಓಡಿಸುವುದು, ಒಲೆ ಮುಂದೆ ಒಬ್ಬರೇ ನಿಲ್ಲುವುದು, ಬ್ಯಾಂಕು ಅಥವಾ ಆಸ್ತಿ ಕಾಗದಕ್ಕೆ ಸಹಿ ಹಾಕುವುದು ಬೇಡ.